ನೆಲ ಬಿಟ್ಟು ಬಂದ ಅಡಿಗಲ್ಲು: ಊರೂರು ತಿರುಗಿ ಲಾಳ ಕಟ್ಟುವವರಿಗೆ ಸ್ಟ್ಯಾಂಡಿನ ಬಗ್ಗೆ ನಾಲ್ಕು ಮಾತು

(ಲಾಳ ಕಟ್ಟುವವರು, ವೆಲ್ಡಿಂಗ್ ಶಾಪಿನ ಹುಡುಗರು, ಕುದುರೆ-ಎತ್ತು ಸಾಕಿರುವ ಕೆಲವರು ದಾವಣಗೆರೆಯಲ್ಲಿ ಸೇರಿದ್ದಾಗ ನಾನು ಆಡಿದ ಮಾತು ಇದು. ಬರೆದು ಕೊಡಿ ಅಂತ ಹಲವರು ಕೇಳಿದರು. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನೇರ ವಿಷಯಕ್ಕೆ ಬರುತ್ತೇನೆ.

ನಮ್ಮ ಕಡೆಯ ಕುಲುಮೆ ಎಲ್ಲರೂ ನೋಡಿದ್ದೀರಿ. ಅಲ್ಲಿ ಅಡಿಗಲ್ಲು, ಅಂದರೆ ಕಬ್ಬಿಣ ಇಟ್ಟು ಸುತ್ತಿಗೆಯಲ್ಲಿ ಬಡಿಯುವ ದಪ್ಪ ಕಬ್ಬಿಣದ ದಿಮ್ಮಿ, ಹೇಗೆ ಕೂತಿರುತ್ತದೆ? ಒಂದು ದಪ್ಪ ಜಾಲಿ ಕೊರಡೋ ಹುಣಸೆ ಕೊರಡೋ ಇರುತ್ತದೆ. ಅದರ ಮುಕ್ಕಾಲು ಭಾಗ ನೆಲದೊಳಗೆ ಹೂತಿರುತ್ತದೆ. ಅದರ ಮೇಲೆ ಅಡಿಗಲ್ಲು. ಸುತ್ತಿಗೆ ಬಿದ್ದರೆ ಪೆಟ್ಟು ಅಡಿಗಲ್ಲಿನಿಂದ ಕೊರಡಿಗೆ ಹೋಗುತ್ತದೆ, ಕೊರಡಿನಿಂದ ಭೂಮಿಗೆ ಇಳಿಯುತ್ತದೆ. ಅಲುಗಾಡುವ ಮಾತೇ ಇಲ್ಲ. ಕಮ್ಮಾರರು ಅದರ ಬಗ್ಗೆ ಯೋಚನೆ ಕೂಡ ಮಾಡುವುದಿಲ್ಲ, ಮಾಡುವ ಅಗತ್ಯವೂ ಇಲ್ಲ.

ನಾವು ತಿರುಗಾಡಿ ಕೆಲಸ ಮಾಡುವವರು. ಅಡಿಗಲ್ಲನ್ನು ಗಾಡಿಗೆ ಏರಿಸಿದ ಕೂಡಲೇ ಆ ಭೂಮಿಯನ್ನು ಹಿಂದೆ ಬಿಟ್ಟು ಹೊರಟಿರುತ್ತೇವೆ. ಭೂಮಿ ಮಾಡುತ್ತಿದ್ದ ಕೆಲಸವನ್ನು ಇನ್ನು ಒಂದು ಕಬ್ಬಿಣದ ಸ್ಟ್ಯಾಂಡು ಮಾಡಬೇಕು. ಇವತ್ತು ನಾನು ಹೇಳುವುದೆಲ್ಲ ಎರಡೇ ವಿಷಯ. ಪೆಟ್ಟು ಬೀಳುವ ಜಾಗ ಸ್ಟ್ಯಾಂಡಿನ ಪಾದಗಳ ಒಳಗೇ ಇರಬೇಕು. ಆ ಪೆಟ್ಟು ನೆಲ ಮುಟ್ಟುವ ತನಕ ದಾರಿಯಲ್ಲಿ ಎಲ್ಲೂ ಸಡಿಲ ಇರಬಾರದು.

ಇಷ್ಟಕ್ಕೆಲ್ಲ ಒಂದು ಭಾಷಣ ಬೇಕಾ ಅಂತ ಕೆಲವರಿಗೆ ಅನ್ನಿಸಬಹುದು. ಬೇಕು. ಯಾಕೆಂದರೆ ಅಲುಗಾಡುವ ಸ್ಟ್ಯಾಂಡಿನ ಕಷ್ಟ ಮೊದಲು ನಮ್ಮ ಕೈಗೆ ಗೊತ್ತಾಗುತ್ತದೆ, ಆದರೆ ಕೊನೆಗೆ ಅನುಭವಿಸುವುದು ಪ್ರಾಣಿ. ಕುದುರೆ ಲಾಳ ಸಪಾಟಾಗಿರಬೇಕು. ಗೊರಸಿನ ಅಂಚಿಗೆ ಸುತ್ತಲೂ ಒಂದೇ ಸಮ ಕೂರಬೇಕು. ಅಡಿಗಲ್ಲಿನ ಮುಖದ ಮೇಲೆ ಲಾಳ ಇಟ್ಟು, ಬಗ್ಗಿ, ಕೆಳಗಿಂದ ಬೆಳಕು ಕಾಣುತ್ತದಾ ಅಂತ ನೋಡುತ್ತೇವಲ್ಲ, ಅದು ಇದಕ್ಕೇ. ಅಡಿಗಲ್ಲು ಪ್ರತಿ ಪೆಟ್ಟಿಗೂ ಒಂದು ಕಡೆ ವಾಲುತ್ತಿದ್ದರೆ ಸುತ್ತಿಗೆಯ ಮುಖ ಲಾಳದ ಮೇಲೆ ಓರೆಯಾಗಿ ಬೀಳುತ್ತದೆ. ಲಾಳ ಸಣ್ಣಗೆ ತಿರುಚಿಕೊಳ್ಳುತ್ತದೆ. ಅದನ್ನು ಸರಿ ಮಾಡೋಕೆ ಮತ್ತೆ ಹೊಡೆಯುತ್ತೇವೆ, ಅದು ಇನ್ನೊಂದು ಕಡೆ ತಿರುಚುತ್ತದೆ, ಸಾಕಾಗಿ ಹಾಗೇ ಗೊರಸಿಗೆ ಇಟ್ಟು ಮೊಳೆ ಹೊಡೆದುಬಿಡುತ್ತೇವೆ. ತಿರುಚಿದ ಲಾಳ ಒಂದು ಕಡೆ ಒತ್ತುತ್ತದೆ, ಇನ್ನೊಂದು ಕಡೆ ಎದ್ದಿರುತ್ತದೆ. ಹೆಜ್ಜೆ ಹೆಜ್ಜೆಗೂ ಮೊಳೆ ಜಗ್ಗುತ್ತದೆ. ಕುದುರೆಗೆ ಸಾಮಾನ್ಯವಾಗಿ ಆರರಿಂದ ಎಂಟು ವಾರಕ್ಕೊಮ್ಮೆ ಲಾಳ ಬಿಚ್ಚಿ, ಗೊರಸು ಕೊಯ್ದು, ಮತ್ತೆ ಕಟ್ಟುತ್ತೇವೆ. ಅಷ್ಟು ದಿನ ಆ ಬಡಪ್ರಾಣಿ ನಮ್ಮ ಓರೆ ಕೆಲಸವನ್ನು ಕಾಲಲ್ಲಿ ಹೊತ್ತುಕೊಂಡು ನಡೆಯಬೇಕು. ಅದಕ್ಕೆ ಬಾಯಿಲ್ಲ. ಅದಕ್ಕೇ ಈ ಸ್ಟ್ಯಾಂಡಿನ ವಿಷಯವನ್ನು ಸಣ್ಣದು ಅಂತ ಬಿಡೋಕೆ ನನ್ನ ಕೈಲಿ ಆಗುವುದಿಲ್ಲ.

ಮೂರು ಕಾಲು, ಆದರೆ ಎಲ್ಲಿ?

ಮೂರು ಕಾಲಿನ ಸ್ಟ್ಯಾಂಡು ಎಂಥ ಏರುತಗ್ಗಿನ ನೆಲದಲ್ಲೂ ಕುಂಟುವುದಿಲ್ಲ. ಮೂರು ಪಾದವೂ ನೆಲ ಮುಟ್ಟೇ ಮುಟ್ಟುತ್ತವೆ. ನಾಲ್ಕು ಕಾಲಿನದು ಸಪಾಟು ನೆಲ ಕೇಳುತ್ತದೆ, ಇಲ್ಲದಿದ್ದರೆ ಒಂದು ಕಾಲು ಗಾಳಿಯಲ್ಲಿ. ಅದಕ್ಕೇ ಊರೂರು ತಿರುಗುವವರಿಗೆ ಮೂರು ಕಾಲೇ ಸರಿ. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು.

ಆದರೆ ಕುಂಟದೇ ಇರುವುದು ಬೇರೆ, ಮಗುಚದೇ ಇರುವುದು ಬೇರೆ. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಕಷ್ಟದ್ದೇನಲ್ಲ. ಸ್ಟ್ಯಾಂಡಿನ ನಡುಮಧ್ಯದಿಂದ ಒಂದೊಂದು ಪಾದವೂ 12 ಇಂಚು ದೂರ ಇದೆ ಅಂದುಕೊಳ್ಳಿ. ಈಗ ಎರಡು ಪಾದ ಸೇರಿಸಿ ನೆಲದ ಮೇಲೆ ಒಂದು ಗೆರೆ ಎಳೆಯಿರಿ. ಆ ಗೆರೆ ಮಧ್ಯದಿಂದ ಎಷ್ಟು ದೂರ ಇರುತ್ತದೆ? ಬರೀ 6 ಇಂಚು. ಪಾದ ಎಷ್ಟು ದೂರ ಇದೆಯೋ ಅದರ ಅರ್ಧ. ಸ್ಟ್ಯಾಂಡು ಮಗುಚುವುದಾದರೆ ಈ ಗೆರೆಯ ಮೇಲೇ ಮಗುಚುತ್ತದೆ. ಅದೇ 12 ಇಂಚಿಗೆ ನಾಲ್ಕು ಕಾಲು ಇಟ್ಟರೆ ಗೆರೆ ಎಂಟೂವರೆ ಇಂಚು ದೂರ ಸಿಗುತ್ತದೆ. ಅಂದರೆ ಮೂರು ಕಾಲಿನವರು ಕಾಲನ್ನು ಜಾಸ್ತಿ ಅಗಲಿಸಲೇಬೇಕು. 20 ಇಂಚು ಎತ್ತರದ ಸ್ಟ್ಯಾಂಡಿಗೆ ಕಾಲು ಮೇಲಿನಿಂದ ಕೆಳಗೆ ಬರುವಷ್ಟರಲ್ಲಿ 7 ಇಂಚಾದರೂ ಹೊರಗೆ ಹೋಗಿರಬೇಕು. ನೋಡೋಕೆ ಚೆಂದ ಅಂತ ಕಾಲನ್ನು ನೆಟ್ಟಗೆ ಇಳಿಸಿದ ಸ್ಟ್ಯಾಂಡುಗಳು ಮಾರಾಟಕ್ಕೆ ಬರುತ್ತವೆ, ದಯವಿಟ್ಟು ತಗೋಬೇಡಿ. ಹಾಗಂತ ಬೇಕಾಬಿಟ್ಟಿ ಅಗಲಿಸಲೂಬಾರದು. ಬಿಸಿ ಲಾಳ ಇಕ್ಕಳದಲ್ಲಿ ಹಿಡಿದು ತಿರುಗುವಾಗ ನಮ್ಮ ಕಾಲೇ ಅದಕ್ಕೆ ಎಡವುತ್ತದೆ.

ಈಗ ಮುಖ್ಯ ಪ್ರಶ್ನೆ. ಮೂರು ಪಾದದಲ್ಲಿ ಯಾವುದು ಎಲ್ಲಿರಬೇಕು?

ಕುದುರೆ ಲಾಳದ ಅಡಿಗಲ್ಲಿಗೆ ಉದ್ದ ಕೊಂಬಿರುತ್ತದೆ, ಅಂದರೆ ಒಂದು ತುದಿಯಿಂದ ಹೊರಗೆ ಚಾಚಿದ ದುಂಡನೆಯ ಮೊನೆ. ಲಾಳದ ದುಂಡು ಬಗ್ಗಿಸುವುದು, ತೆರೆಯುವುದು, ಮುಚ್ಚುವುದು ಎಲ್ಲ ಅದರ ಮೇಲೇ. ಅಂದರೆ ನಮ್ಮ ಪೆಟ್ಟಿನಲ್ಲಿ ದೊಡ್ಡ ಪಾಲು ನಡುಮಧ್ಯಕ್ಕೆ ಬೀಳುವುದೇ ಇಲ್ಲ, ಹೊರಗೆ ಚಾಚಿದ ಕೊಂಬಿಗೆ ಬೀಳುತ್ತದೆ. 35 ಕೆಜಿ ಅಡಿಗಲ್ಲು, 15 ಕೆಜಿ ಸ್ಟ್ಯಾಂಡು, ಒಟ್ಟು 50 ಕೆಜಿ ಅಂತ ಇಟ್ಟುಕೊಳ್ಳಿ. ಕೊಂಬಿನ ತುದಿ ಮಧ್ಯದಿಂದ 12 ಇಂಚು ದೂರ. ಕೊಂಬಿನ ಕಡೆಗೆ ಎರಡು ಪಾದ, ಹಿಂದೆ ಒಂದು ಪಾದ ಇಟ್ಟರೆ, ಮಗುಚುವ ಗೆರೆ 6 ಇಂಚಿಗೆ ಬಂತು. ಕೊಂಬಿನ ತುದಿ ಆ ಗೆರೆಯಿಂದ ಇನ್ನೂ 6 ಇಂಚು ಹೊರಗಿದೆ. ಆಗ ತುದಿಯ ಮೇಲೆ 50 ಕೆಜಿ ಭಾರ ಬಿದ್ದರೆ ಸಾಕು, ಇಡೀ ಸ್ಟ್ಯಾಂಡು ಹಿಂದಿನ ಕಾಲು ಎತ್ತುತ್ತದೆ. ಒಬ್ಬ ದೊಡ್ಡ ಆಳು ಒರಗಿದರೂ ಸಾಕು.

ಅದೇ ಸ್ಟ್ಯಾಂಡನ್ನು ತಿರುಗಿಸಿ ಇಡಿ. ಒಂದು ಪಾದ ಸರಿಯಾಗಿ ಕೊಂಬಿನ ಕೆಳಗೆ, ಎರಡು ಪಾದ ಹಿಂದೆ. ಈಗ ಕೊಂಬಿನ ತುದಿ 12 ಇಂಚು, ಪಾದವೂ 12 ಇಂಚು. ಪೆಟ್ಟು ಎಲ್ಲಿ ಬೀಳುತ್ತದೋ ಅದರ ಕೆಳಗೇ ಪಾದ ಇದೆ. ಮಗುಚೋಕೆ ದಾರಿಯೇ ಇಲ್ಲ. ಹಿಂದಿನ ತುದಿಯ ಕಡೆ ಗೆರೆ 6 ಇಂಚಿಗೇ ಇರುತ್ತದೆ ನಿಜ. ಆದರೆ ಅಡಿಗಲ್ಲು ಆ ಕಡೆ ಅಷ್ಟು ಉದ್ದ ಚಾಚಿರುವುದಿಲ್ಲ, ಮಧ್ಯದಿಂದ 10 ಇಂಚು ಅಂತ ಹಿಡಿದರೂ ಅಲ್ಲಿ 75 ಕೆಜಿ ಭಾರ ಬೀಳಬೇಕು. ಒಂದು ರೂಪಾಯಿ ಖರ್ಚಿಲ್ಲ, ಒಂದು ಕೆಜಿ ಕಬ್ಬಿಣ ಜಾಸ್ತಿ ಬೇಕಿಲ್ಲ, ಸುಮ್ನೆ ತಿರುಗಿಸಿ ಕೂರಿಸಿದ್ದಷ್ಟೇ. ನಿಮ್ಮ ಸ್ಟ್ಯಾಂಡು ಹೇಗಿದೆ ಅಂತ ಇವತ್ತು ಮನೆಗೆ ಹೋಗಿ ನೋಡಿ.

ತೂಕದ ಬಗ್ಗೆ ಒಂದು ಮಾತು. ಸುತ್ತಿಗೆಗಿಂತ ಅಡಿಗಲ್ಲು ಸುಮಾರು 50 ಪಟ್ಟು ತೂಕ ಇರಲಿ ಅನ್ನುವ ಹಳೇ ಲೆಕ್ಕ ಒಂದು ಕೆಲಸಗಾರರ ನಡುವೆ ಇದೆ. 800 ಗ್ರಾಂ ಸುತ್ತಿಗೆಗೆ 40 ಕೆಜಿ. ತೂಕ ಜಾಸ್ತಿ ಇದ್ದಷ್ಟೂ ಪೆಟ್ಟಿಗೆ ಅಡಿಗಲ್ಲು ಅಲುಗುವುದು ಕಡಿಮೆ. ಆದರೆ ದಿನಾ ಗಾಡಿಯಿಂದ ಇಳಿಸಿ ಏರಿಸುವುದು ನಮ್ಮ ಸೊಂಟ. ಈ ಕೆಲಸದಲ್ಲಿ ಹೇಗೂ ಅರ್ಧ ಆಯುಷ್ಯ ಬಗ್ಗಿಯೇ ಕಳೆಯುತ್ತೇವೆ. ಹಾಗಾಗಿ ತೂಕದಿಂದ ಸಿಗುವುದನ್ನು ಆದಷ್ಟೂ ಪಾದದ ಜಾಗದಿಂದ, ಬಿಗಿಯಿಂದ ಪಡೆಯಬೇಕು ಅನ್ನುವುದು ನನ್ನ ಅಭಿಪ್ರಾಯ.

ಸಡಿಲ ಎಲ್ಲೆಲ್ಲಿ ಅಡಗಿರುತ್ತದೆ

ಬಿಚ್ಚಿ ಜೋಡಿಸುವ ಕಾಲುಗಳಿರುವ ಸ್ಟ್ಯಾಂಡುಗಳಲ್ಲಿ ಮೊದಲ ಕಳ್ಳ ಇರುವುದು ಕಾಲು ಕೂರುವ ಪೈಪಿನ ಬಾಯಲ್ಲಿ. ಮೇಲಿನ ಪ್ಲೇಟಿನ ಕೆಳಗೆ ಒಂದು ತುಂಡು ಪೈಪು ವೆಲ್ಡ್ ಮಾಡಿರುತ್ತಾರೆ, ಅದರೊಳಗೆ ಕಾಲಿನ ಪೈಪು ಹೋಗುತ್ತದೆ. ಒಳಗೆ ಹೋಗಿರುವುದು 4 ಇಂಚು, ಕಾಲಿನ ಉದ್ದ 20 ಇಂಚು ಅಂದುಕೊಳ್ಳಿ. ಬಾಯಲ್ಲಿ ಒಂದು ಮಿಲಿಮೀಟರ್ ಸಡಿಲ ಇದ್ದರೆ ಪಾದದ ಹತ್ತಿರ ಅದು ಹೆಚ್ಚುಕಡಿಮೆ ಐದು ಮಿಲಿಮೀಟರ್ ಆಗುತ್ತದೆ. ಮೂರು ಕಾಲೂ ಹೀಗೇ ಇದ್ದರೆ ಅಡಿಗಲ್ಲು ನಿಂತಲ್ಲೇ ಓಲಾಡುತ್ತದೆ. 2 ಇಂಚು ಮಾತ್ರ ಒಳಗೆ ಹೋಗುವ ಹಾಗೆ ಮಾಡಿದ್ದರಂತೂ ಅದು ಸ್ಟ್ಯಾಂಡೇ ಅಲ್ಲ.

ಇದಕ್ಕೆ ಎರಡು ಉಪಾಯ. ಒಳಗೆ ಹೋಗುವ ಉದ್ದ 5 ಇಂಚಾದರೂ ಇರಲಿ. ಮತ್ತೆ ಹೊರ ಪೈಪಿನ ಪಕ್ಕಕ್ಕೆ ನಟ್ಟು ವೆಲ್ಡ್ ಮಾಡಿ, ಬೋಲ್ಟು ಒಳಗಿನ ಪೈಪನ್ನು ಒತ್ತಿ ಹಿಡಿಯುವ ಹಾಗೆ ಮಾಡಿಸಿ. ಒಂದೇ ಬೋಲ್ಟು ಇದ್ದರೆ ಕಾಲು ಅದರ ಸುತ್ತ ಆಡುತ್ತದೆ, ಮೇಲೊಂದು ಕೆಳಗೊಂದು ಎರಡು ಇರಲಿ. ಇನ್ನೂ ಒಳ್ಳೆಯದು ಬೇಕಿದ್ದರೆ ಲೇಥಿನಲ್ಲಿ ಸ್ವಲ್ಪ ಟೇಪರ್ ಹೊಡೆಸಿ. ಕಾಲು ಮೇಲೆ ಹೋದಷ್ಟೂ ಬಿಗಿಯಾಗುವ ಹಾಗೆ. ಆಗ ಸುತ್ತಿಗೆಯ ಪ್ರತಿ ಪೆಟ್ಟೂ ಕಾಲನ್ನು ಸಡಿಲ ಮಾಡುವ ಬದಲು ಬಿಗಿ ಮಾಡುತ್ತದೆ. ಕೆಲಸ ಮುಗಿದ ಮೇಲೆ ಪಕ್ಕದಿಂದ ಒಂದು ತಟ್ಟು ತಟ್ಟಿದರೆ ಬಿಟ್ಟುಕೊಳ್ಳುತ್ತದೆ. ಲೇಥ್ ಕೆಲಸಕ್ಕೆ ನಮ್ಮ ಕಡೆ ಬರ ಇಲ್ಲ. ಹರಿಹರ ಅಂದರೆ ಮೈಸೂರು ಕಿರ್ಲೋಸ್ಕರ್ ಲೇಥ್ ತಯಾರಾಗುತ್ತಿದ್ದ ಊರು, ಅಲ್ಲಿ ಪಳಗಿದವರಿಂದ ಕಲಿತವರು ಸಿಗುತ್ತಾರೆ. ಅಂಥವರ ಹತ್ತಿರ ಹೋಗಿ, ಏನು ಕೆಲಸಕ್ಕೆ ಅಂತ ಬಿಡಿಸಿ ಹೇಳಿ. ಅವರೇ ನಿಮಗಿಂತ ಚೆನ್ನಾಗಿ ಯೋಚಿಸುತ್ತಾರೆ.

ಮಡಚುವ ಕಾಲಿದ್ದರೆ ಕೆಳಗಡೆ ಮೂರೂ ಕಾಲನ್ನು ಸೇರಿಸಿ ಒಂದು ಸರಪಳಿ ಕಟ್ಟಿ. ಪೆಟ್ಟು ಬಿದ್ದಾಗ ಕಾಲುಗಳು ಹೊರಗೆ ಜಾರೋಕೆ ನೋಡುತ್ತವೆ, ಸರಪಳಿ ಅದನ್ನು ತಡೆಯುತ್ತದೆ. ಜೋತುಬಿದ್ದ ಸರಪಳಿ ಯಾವ ಕೆಲಸಕ್ಕೂ ಬರುವುದಿಲ್ಲ, ಎಳೆದು ಬಿಗಿಯಾಗಿರಬೇಕು.

ಎರಡನೇ ಕಳ್ಳ ಅಡಿಗಲ್ಲಿನ ತಳ. ತಳ ಸಪಾಟಾಗಿರುತ್ತದೆ ಅಂತ ನಾವು ನಂಬಿರುತ್ತೇವೆ, ಇರುವುದು ಅಪರೂಪ. ಪ್ಲೇಟಿನ ಮೇಲೆ ಅಡಿಗಲ್ಲು ಇಟ್ಟು ಎದುರುಬದುರು ಮೂಲೆಗಳನ್ನು ಅಂಗೈಯಿಂದ ಒತ್ತಿ ನೋಡಿ. ಸಣ್ಣಗೆ ಟಕ್ ಅಂದರೆ ಆಡುತ್ತಿದೆ ಅಂತ ಅರ್ಥ. ಪ್ಲೇಟಿನ ಮೇಲೆ ತೆಳ್ಳಗೆ ಸುಣ್ಣದ ಪುಡಿ ಉದುರಿಸಿ, ಅಡಿಗಲ್ಲು ಇಟ್ಟು, ಹತ್ತು ಪೆಟ್ಟು ಹೊಡೆದು ಎತ್ತಿ ನೋಡಿ. ಎಲ್ಲಿ ಪುಡಿ ಒತ್ತಿ ಗಟ್ಟಿಯಾಗಿದೆಯೋ ಅಲ್ಲಿ ತಳ ಕೂತಿದೆ. ಎಲ್ಲಿ ಪುಡಿ ಹಾಗೇ ಸಡಿಲವಾಗಿದೆಯೋ ಅಲ್ಲಿ ತಳ ಮುಟ್ಟೇ ಇಲ್ಲ. ಮುಟ್ಟದ ಜಾಗಕ್ಕೆ ಸಿಲಿಕೋನ್ ಪೇಸ್ಟ್ ಹಾಕಿ, ಅಡಿಗಲ್ಲು ಕೂರಿಸಿ, ಒಂದು ರಾತ್ರಿ ಬಿಡಿ. ಅದು ಗಟ್ಟಿಯಾಗಿ ಮೂಲೆ ಮೂಲೆಗೂ ಆಸರೆ ಸಿಗುತ್ತದೆ. ಸದ್ದೂ ಕಡಿಮೆಯಾಗುತ್ತದೆ. ದಪ್ಪ ರಬ್ಬರ್ ಹಾಕೋಣ ಅಂತ ಕೆಲವರು ಟೈರಿನ ತುಂಡು ಇಡುತ್ತಾರೆ, ಅದು ಬೇಡ. ದಪ್ಪ ರಬ್ಬರ್ ಪೆಟ್ಟನ್ನೇ ನುಂಗುತ್ತದೆ, ಅಡಿಗಲ್ಲು ಪುಟಿಯುತ್ತದೆ. ಹಾಕಲೇಬೇಕಿದ್ದರೆ ಮೂರು ಮಿಲಿಮೀಟರ್ ದಾಟಬೇಡಿ.

ಆಮೇಲೆ ಅಡಿಗಲ್ಲನ್ನು ಸ್ಟ್ಯಾಂಡಿಗೆ ಹಿಡಿದಿಡುವುದು. ನಾಲ್ಕು ಮೂಲೆಗೆ ಆಂಗಲ್ ತುಂಡು ವೆಲ್ಡ್ ಮಾಡಿ ಪಕ್ಕಕ್ಕೆ ಜಾರದ ಹಾಗೆ ಮಾಡಿದರೆ ಅರ್ಧ ಕೆಲಸ ಆಯಿತು ಅಷ್ಟೇ, ಅದು ಮೇಲಕ್ಕೆ ಏಳುವುದನ್ನು ಯಾರು ತಡೆಯಬೇಕು? ಅಡಿಗಲ್ಲಿನ ಸೊಂಟಕ್ಕೆ, ಅಂದರೆ ನಡುವಿನ ಸಣ್ಣ ಭಾಗಕ್ಕೆ, ಸರಪಳಿ ಸುತ್ತಿ, ಎರಡೂ ಕಡೆ ಕೆಳಗೆ ಇಳಿಸಿ, ಟರ್ನ್‌ಬಕಲ್ (ತಿರುಗಿಸಿ ಬಿಗಿ ಮಾಡುವ ಸ್ಕ್ರೂ ಕೊಂಡಿ) ಹಾಕಿ ಬಿಗಿಯಿರಿ. ಬೆರಳಿನಿಂದ ಮೀಟಿದರೆ ಸರಪಳಿ ಕುಣಿಯಬಾರದು. ಸೊಂಟಕ್ಕೆ ಬಿಗಿಯಾಗಿ ಸುತ್ತಿದ ಸರಪಳಿ ಅಡಿಗಲ್ಲಿನ ಗಂಟೆ ಸದ್ದನ್ನೂ ತಗ್ಗಿಸುತ್ತದೆ. ಎಲ್ಲ ಬೋಲ್ಟಿಗೂ ನೈಲಾನ್ ಇರುವ ಲಾಕ್ ನಟ್ಟು ಹಾಕಿ, ಇಲ್ಲವಾದರೆ ಎರಡು ನಟ್ಟು ಒಂದರ ಮೇಲೊಂದು. ಈ ಕೆಲಸದ ಅದುರುವಿಕೆಗೆ ಸಾಮಾನ್ಯ ನಟ್ಟು ಒಂದು ವಾರ ನಿಲ್ಲುವುದಿಲ್ಲ.

ನಮ್ಮ ನೆಲ

ಸ್ಟ್ಯಾಂಡು ಎಷ್ಟೇ ಚೆನ್ನಾಗಿರಲಿ, ಕೊನೆಗೆ ನಿಲ್ಲಬೇಕಾದ್ದು ನೆಲದ ಮೇಲೆ. ನಮ್ಮ ಎರಡು ಜಿಲ್ಲೆಯಲ್ಲಿ ಒಂದೇ ದಿನದಲ್ಲಿ ನಾಲ್ಕು ಥರದ ನೆಲ ಸಿಗುತ್ತದೆ. ಚಿತ್ರದುರ್ಗದ ಸುತ್ತ ಹಾಸುಬಂಡೆ. ಹೊಳಲ್ಕೆರೆ, ಜಗಳೂರು ಕಡೆ ಕೆಂಪು ಗರಸು ಮಣ್ಣು ಬೇಕಾದಷ್ಟು. ದಾವಣಗೆರೆ, ಹರಿಹರ ಕಡೆ ಎರೆ ಹೊಲ, ಭದ್ರಾ ಕಾಲುವೆ ನೀರು ಹರಿಯುವ ಗದ್ದೆ ಬಯಲು. ಇನ್ನು ಊರೊಳಗೆ ಹೋದರೆ ಎಲ್ಲ ಕಡೆ ಸಿಮೆಂಟ್ ರಸ್ತೆ.

ಗರಸು ನೆಲ ಸಿಕ್ಕರೆ ಪುಣ್ಯ. ಮೇಲಿನ ಸಡಿಲ ಹರಳನ್ನು ಕಾಲಲ್ಲಿ ಸರಿಸಿ ಸ್ಟ್ಯಾಂಡು ಇಟ್ಟರೆ ಆಯಿತು.

ಎರೆ ಮಣ್ಣು ಹಾಗಲ್ಲ. ಬೇಸಿಗೆಯಲ್ಲಿ ಕಲ್ಲಿನಷ್ಟು ಗಟ್ಟಿ, ಆದರೆ ಕೈ ತೂರುವಷ್ಟು ಬಿರುಕು. ಬಿರುಕಿನ ಅಂಚಿಗೆ ಪಾದ ಇಟ್ಟರೆ ನಾಲ್ಕು ಪೆಟ್ಟಿಗೆ ಹೆಂಟೆ ಒಡೆದು ಕಾಲು ಇಳಿಯುತ್ತದೆ. ಮಳೆ ಬಿದ್ದರೆ ಅದೇ ಮಣ್ಣು ಉಬ್ಬಿ, ಅಂಟಿ, ಕಾಲನ್ನು ನುಂಗುತ್ತದೆ. ಇಲ್ಲಿ ಪಾದದ ಅಗಲವೇ ಎಲ್ಲ. ಒಂದೂವರೆ ಇಂಚಿನ ಪೈಪನ್ನು ಹಾಗೇ ನೆಲಕ್ಕೆ ಊರಿದರೆ ಅದರ ಬಾಯಿಯ ಅಂಚು ನೆಲ ಮುಟ್ಟುವುದು ನಾಲ್ಕು ಚದರ ಸೆಂಟಿಮೀಟರಿನಷ್ಟು. ಅದೇ ಪೈಪಿನ ತುದಿಗೆ 4 ಇಂಚು ಚೌಕದ, 6 ಮಿಲಿಮೀಟರ್ ದಪ್ಪದ ಪ್ಲೇಟು ವೆಲ್ಡ್ ಮಾಡಿಸಿದರೆ ನೂರು ಚದರ ಸೆಂಟಿಮೀಟರ್ ಆಯಿತು. 25 ಪಟ್ಟು! ಮಣ್ಣಿನ ಮೇಲೆ ಬೀಳುವ ಒತ್ತಡ ಅಷ್ಟು ಪಟ್ಟು ಕಡಿಮೆ. ಗದ್ದೆ ಬಯಲಲ್ಲಿ ಇದೂ ಸಾಲದು. ಅಲ್ಲಿ ಒಂದು ದಪ್ಪ ಹಲಗೆ ಹಾಸಿ, ಮೂರು ಪಾದವೂ ಅದೇ ಹಲಗೆಯ ಮೇಲೆ ಬರುವ ಹಾಗೆ ಇಡಿ. ಮೂರು ಪಾದಕ್ಕೆ ಮೂರು ಬೇರೆ ಬೇರೆ ಹಲಗೆ ತುಂಡು ಹಾಕಿದರೆ ಒಂದೊಂದು ಒಂದೊಂದು ಆಳಕ್ಕೆ ಇಳಿದು ಮತ್ತೆ ಅದೇ ಕಥೆ.

ಹಾಸುಬಂಡೆ ಮತ್ತು ಸಿಮೆಂಟ್ ರಸ್ತೆಯಲ್ಲಿ ಇಳಿಯುವ ಭಯ ಇಲ್ಲ, ಜಾರುವ ಭಯ. ಕಬ್ಬಿಣದ ಪಾದ ಕಲ್ಲಿನ ಮೇಲೆ ಪೆಟ್ಟಿಗಿಷ್ಟು ಅಂತ ನಡೆಯುತ್ತಾ ಹೋಗುತ್ತದೆ. ಹಳೇ ಗೋಣಿಚೀಲ ನೀರಲ್ಲಿ ಅದ್ದಿ, ಹಿಂಡಿ, ಪಾದದ ಕೆಳಗೆ ಹಾಕಿ. ನನಗೆ ಗೊತ್ತಿರುವ ಸುಲಭದ ದಾರಿ ಇದು. ಪ್ಲೇಟಿಗೆ ತೆಳು ರಬ್ಬರ್ ಅಂಟಿಸಿಕೊಂಡರೂ ಆಗುತ್ತದೆ.

ಇಳಿಜಾರು ಸಿಕ್ಕಾಗ ಹೆಚ್ಚಿನವರು ಮಾಡುವುದು ಕೆಳಗಿನ ಕಾಲಿಗೆ ಕಲ್ಲು ಕೊಟ್ಟು ಎತ್ತರಿಸುವುದು. ಇದನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ, ಮಾಡಬೇಡಿ. ಕಲ್ಲಿನ ಮೇಲೆ ಕಾಲು, ಅದರ ಮೇಲೆ ಪೆಟ್ಟು, ಕಲ್ಲು ಯಾವಾಗ ಜಾರುತ್ತದೆ ಅಂತ ಹೇಳೋಕಾಗುವುದಿಲ್ಲ. 35 ಕೆಜಿ ಅಡಿಗಲ್ಲು ಬೀಳುವ ಜಾಗದಲ್ಲಿ ನಿಮ್ಮ ಪಾದ ಇರಬಹುದು, ಕೆಡವಿ ಕಟ್ಟಿಹಾಕಿದ ಎತ್ತಿನ ತಲೆ ಇರಬಹುದು, ಹಗ್ಗ ಹಿಡಿದು ನಿಂತ ಮಗು ಇರಬಹುದು. ಮೇಲಿನ ಕಾಲಿನ ಕೆಳಗೆ ಸಲಿಕೆಯಲ್ಲಿ ಮಣ್ಣು ಕೆರೆದು ತಗ್ಗಿಸಿ. ಎರಡು ನಿಮಿಷದ ಕೆಲಸ. ಪಾದ ಗಟ್ಟಿ ನೆಲದ ಮೇಲೇ ಇರುತ್ತದೆ, ಅಡಿಗಲ್ಲೂ ಮಟ್ಟಕ್ಕೆ ಬರುತ್ತದೆ. ಗಾಡಿಯಲ್ಲಿ ಒಂದು ಸಣ್ಣ ಸಲಿಕೆ ಯಾವಾಗಲೂ ಇರಲಿ.

ಸ್ಟ್ಯಾಂಡು ಇಟ್ಟ ಮೇಲೆ ಪ್ರತಿ ಪಾದದ ಸುತ್ತ ಸೀಮೆಸುಣ್ಣದಲ್ಲೋ ಮೊಳೆಯಲ್ಲೋ ಒಂದು ಗೆರೆ ಎಳೆಯಿರಿ. ಮೊದಲ ಲಾಳ ಮುಗಿದ ಮೇಲೆ ಬಗ್ಗಿ ನೋಡಿ. ಪಾದ ಗೆರೆ ದಾಟಿದ್ದರೆ ಸ್ಟ್ಯಾಂಡು ನಡೆಯುತ್ತಿದೆ. ಯಾವ ಪಾದ ಜಾಸ್ತಿ ದಾಟಿದೆಯೋ ಅಲ್ಲಿ ಸಡಿಲ ಇದೆ, ಅಲ್ಲಿಂದ ಹುಡುಕೋಕೆ ಶುರುಮಾಡಿ. ನಿಂತಲ್ಲೇ ಕಣ್ಣಿಗೆ ಕಾಣದ್ದು ಈ ಗೆರೆಯಲ್ಲಿ ಕಾಣುತ್ತದೆ.

ಎತ್ತರ, ಗಾಡಿ

ಎತ್ತರಕ್ಕೆ ಹಳೇ ಅಳತೆ ಸಾಕು. ನೆಟ್ಟಗೆ ನಿಂತು, ಕೈ ಇಳಿಬಿಟ್ಟು, ಮುಷ್ಟಿ ಕಟ್ಟಿ. ಬೆರಳ ಗೆಣ್ಣು ಎಲ್ಲಿಗೆ ಬರುತ್ತದೋ ಅಲ್ಲಿಗೆ ಅಡಿಗಲ್ಲಿನ ಮುಖ. ಲಾಳದ ಕೆಲಸಕ್ಕೆ ಭಾರಿ ಪೆಟ್ಟು ಬೇಕಿಲ್ಲ, ಕಣ್ಣು ಬೇಕು, ಹಾಗಾಗಿ ಒಂದೆರಡು ಇಂಚು ಮೇಲಿದ್ದರೂ ತಪ್ಪಿಲ್ಲ. ತುಂಬಾ ತಗ್ಗಾದರೆ ಸೊಂಟ ಹೋಗುತ್ತದೆ. ತುಂಬಾ ಎತ್ತರವಾದರೆ ಸುತ್ತಿಗೆಯ ಹಿಂದಿನ ಅಂಚು ಮೊದಲು ತಾಗಿ ಲಾಳದ ಮೇಲೆ ಅರ್ಧಚಂದ್ರದ ಗುರುತು ಬೀಳುತ್ತದೆ, ನೋಡಿದ ತಕ್ಷಣ ಗೊತ್ತಾಗುತ್ತದೆ. ಜೊತೆಗೆ ಎತ್ತರ ಜಾಸ್ತಿಯಾದಷ್ಟೂ ಮಗುಚುವುದು ಸುಲಭ, ಅದನ್ನೂ ಮರೆಯಬೇಡಿ.

ಗಾಡಿಯ ಹಿಂಬಾಗಿಲಿಗೇ ಅಡಿಗಲ್ಲು ಹಾಕಿಸಿಕೊಂಡರೆ ಇಳಿಸುವ ಕಷ್ಟ ಇಲ್ಲ ಅಂತ ಟಾಟಾ ಏಸ್ ಇಟ್ಟುಕೊಂಡವರು ಕೇಳುತ್ತಾರೆ. ಗಾಡಿ ನಿಂತಿರುವುದು ಪಟ್ಟಿ ಸ್ಪ್ರಿಂಗ್ ಮೇಲೆ, ಟೈರಿನ ಗಾಳಿಯ ಮೇಲೆ. ಪೆಟ್ಟು ಅಲ್ಲೇ ಕರಗುತ್ತದೆ. ಹಾಗೆ ಮಾಡಿಸುವುದೇ ಆದರೆ ಅಡಿಗಲ್ಲಿನ ಕೆಳಗಿಂದ ನೆಲಕ್ಕೆ ಇಳಿಯುವ ಒಂದು ಜ್ಯಾಕ್ ಕಾಲು ಇರಲೇಬೇಕು. ಭಾರವೆಲ್ಲ ಅದರ ಮೇಲೆ ಬರಬೇಕು, ಗಾಡಿ ಸುಮ್ನೆ ಹಿಡಿದುಕೊಂಡಿರಬೇಕು ಅಷ್ಟೇ. ಓಡಿಸುವಾಗ ಅಡಿಗಲ್ಲನ್ನು ಬಿಗಿಯಾಗಿ ಕಟ್ಟಿ. ಬ್ರೇಕ್ ಹಾಕಿದಾಗ ಅದು ಹಿಂದಿನಿಂದ ಮುಂದೆ ಬರುವುದನ್ನು ಯೋಚಿಸಿದರೇ ಸಾಕು.

ಕೇಳಿದ ಪ್ರಶ್ನೆಗಳು

ವಯಸ್ಸಾದ ಯಜಮಾನರೊಬ್ಬರು, ನಾಲಬಂದ ಮನೆತನದವರು, ಎದ್ದು ನಿಂತು ಕೇಳಿದರು. "ತಮ್ಮಾ, ನಮ್ಮಪ್ಪ, ನಮ್ಮಜ್ಜ ಎಲ್ಲ ನೆಲಕ್ಕೆ ಕಬ್ಬಿಣದ ಗೂಟ ಹೊಡೆದು, ಅದರ ಮೇಲೇ ಲಾಳ ತಟ್ಟಿ ಜೀವನ ಮಾಡಿದರು. ನಾಯಕನಹಟ್ಟಿ ಜಾತ್ರೆಗೆ ಗಾಡಿ ಕಟ್ಟಿ ಬರುವ ಎತ್ತಿಗೆಲ್ಲ ಹಾಗೇ ಕಟ್ಟಿದ್ದೇವೆ. ಇಷ್ಟೆಲ್ಲ ಯಾಕೆ ಬೇಕು?"

ಯಜಮಾನರೇ, ನೀವು ಹೇಳಿದ್ದು ಸರಿ ಅಂದೆ. ಗೂಟದಷ್ಟು ಗಟ್ಟಿ ಯಾವ ಸ್ಟ್ಯಾಂಡೂ ಇಲ್ಲ, ಯಾಕೆಂದರೆ ಅದು ನೇರ ಭೂಮಿಯೊಳಗೇ ಇದೆ. ಎತ್ತಿನ ಗೊರಸು ಸೀಳಿರುತ್ತದೆ, ಒಂದು ಕಾಲಿಗೆ ಎರಡು ತುಂಡು, ನಾಲ್ಕು ಕಾಲಿಗೂ ಕಟ್ಟಿದರೆ ಎಂಟು ತುಂಡು ಲಾಳ. ತೆಳುವಾದ ತಗಡು, ಕಾಯಿಸದೇ ತಟ್ಟಿ ಕೂರಿಸುತ್ತೇವೆ. ಅದಕ್ಕೆ ಗೂಟ ಸಾಕು, ಎತ್ತಿನ ಕೆಲಸ ಮಾತ್ರ ಮಾಡುವವರು ಅದನ್ನೇ ಮುಂದುವರಿಸಲಿ. ಆದರೆ ಕುದುರೆ ಲಾಳ ದಪ್ಪ, ಅದಕ್ಕೆ ಕೊಂಬು ಬೇಕು, ಅಗಲ ಮುಖ ಬೇಕು. ಮತ್ತೆ ಈಗ ಊರೊಳಗೆ ಮನೆ ಬಾಗಿಲ ತನಕ ಸಿಮೆಂಟ್ ಹಾಕಿದ್ದಾರೆ, ಗೂಟ ಹೊಡೆಯುವುದು ಎಲ್ಲಿಗೆ? ಯಜಮಾನರು ನಕ್ಕು, "ಅದೂ ಹೌದು" ಅಂದರು. ಗೂಟವನ್ನು ಎಷ್ಟು ಆಳ ಹೊಡೆಯಬೇಕು, ಯಾವ ಮಣ್ಣಿಗೆ ಯಾವ ತುದಿ ಅನ್ನುವುದು ಅವರಿಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ. ಇಲ್ಲಿರುವ ಹುಡುಗರು ಅವರ ಹತ್ತಿರ ಕೂತು ಕಲಿಯಬೇಕು.

ಒಬ್ಬ ಹುಡುಗ ಕಾಲಿನ ಪೈಪಿಗೆಲ್ಲ ಮರಳು ತುಂಬಿದರೆ ಹೇಗೆ ಅಂತ ಕೇಳಿದ. ಮರಳು ಅದುರುವಿಕೆಯನ್ನು ಚೆನ್ನಾಗಿ ಹೀರುತ್ತದೆ, ಸದ್ದು ತಗ್ಗುತ್ತದೆ. ಒಂದೇ ಕಡೆ ಇಟ್ಟು ಕೆಲಸ ಮಾಡುವವರಿಗೆ ಮರಳು ತುಂಬಿದ ಪೆಟ್ಟಿಗೆಯಂಥ ಸ್ಟ್ಯಾಂಡು ಬಹಳ ಒಳ್ಳೆಯದು. ನಮಗೆ ಆ ಮರಳನ್ನೂ ಹೊತ್ತು ತಿರುಗಬೇಕಾಗುತ್ತದಲ್ಲ. ಅದರ ಬದಲು ಮೇಲಿನ ಪ್ಲೇಟಿನ ಕೆಳಗೆ ನಡುಮಧ್ಯಕ್ಕೆ ಒಂದು ಕೊಕ್ಕೆ ವೆಲ್ಡ್ ಮಾಡಿಸಿ. ಖಾಲಿ ಗೊಬ್ಬರದ ಚೀಲ ಜೊತೆಗಿಟ್ಟುಕೊಳ್ಳಿ. ಹೋದ ಕಡೆ ಅಲ್ಲಿಯದೇ ಮಣ್ಣೋ ಕಲ್ಲೋ 20 ಕೆಜಿ ತುಂಬಿ, ಕೊಕ್ಕೆಗೆ ನೇತುಹಾಕಿ, ಓಲಾಡದ ಹಾಗೆ ಮೂರು ಕಾಲಿಗೂ ಹಗ್ಗದಿಂದ ಬಿಗಿಯಿರಿ. 50 ಕೆಜಿ ಇದ್ದದ್ದು 70 ಆಯಿತು, ಮಗುಚೋಕೆ ಮೊದಲಿಗಿಂತ ನೂರಕ್ಕೆ 40ರಷ್ಟು ಜಾಸ್ತಿ ಬಲ ಬೇಕು. ಭಾರ ಕೆಳಗಿರುವುದರಿಂದ ಇನ್ನೂ ಒಳ್ಳೆಯದು. ಹೊರಡುವಾಗ ಸುರಿದು ಬನ್ನಿ.

ಕುದುರೆ ಸಾಕಿರುವ ಒಬ್ಬರು, ಸದ್ದಿಗೆ ನಮ್ಮ ಕುದುರೆ ಬೆದರುತ್ತದೆ, ಏನು ಮಾಡಬಹುದು ಅಂದರು. ಉಕ್ಕಿನ ಅಡಿಗಲ್ಲು ಗಂಟೆಯ ಹಾಗೆ ಮೊಳಗುತ್ತದೆ. ಆ ಸದ್ದು ನಮ್ಮ ಕಿವಿಗೂ ಒಳ್ಳೆಯದಲ್ಲ. ಸೊಂಟದ ಸರಪಳಿ, ತಳದ ಸಿಲಿಕೋನ್ ಆಗಲೇ ಹೇಳಿದೆ. ಜೊತೆಗೆ ಹಳೇ ಸ್ಪೀಕರಿನ ದೊಡ್ಡ ಮ್ಯಾಗ್ನೆಟ್ ಒಂದನ್ನು ಹಿಂದಿನ ತುದಿಯ ಕೆಳಭಾಗಕ್ಕೆ ಅಂಟಿಸಿ ನೋಡಿ, ಮೊಳಗುವುದು ತಕ್ಷಣ ಕಡಿಮೆಯಾಗುತ್ತದೆ. ಸ್ಟ್ಯಾಂಡನ್ನು ಕುದುರೆಯ ಹಿಂಭಾಗಕ್ಕೆ ಇಡಬೇಡಿ, ಅದಕ್ಕೆ ಕಾಣುವ ಕಡೆ, ಒದ್ದರೆ ತಾಗದಷ್ಟು ದೂರ ಇಡಿ. ಮೊದಲು ಖಾಲಿ ಅಡಿಗಲ್ಲಿಗೆ ಮೆಲ್ಲಗೆ ನಾಲ್ಕು ಪೆಟ್ಟು ತಟ್ಟಿ, ಕುದುರೆ ಕಿವಿ ತಿರುಗಿಸಿ ಕೇಳಿಸಿಕೊಳ್ಳಲಿ, ಆಮೇಲೆ ಕಾಲು ಎತ್ತಿ.

ಕೊನೆಯ ಪ್ರಶ್ನೆ ವೆಲ್ಡಿಂಗ್ ಶಾಪಿನ ತಮ್ಮನದು. ಬೈಕಿನಲ್ಲಿ ತಿರುಗುವವರಿಗೆ ಎಷ್ಟು ಹಗುರ ಮಾಡಬಹುದು ಅಂತ. ಸ್ಟ್ಯಾಂಡಿನ ಕಾಲನ್ನು ಹಗುರ ಮಾಡು, ಎರಡು ಮಿಲಿಮೀಟರ್ ದಪ್ಪದ ಪೈಪೂ ನಡೆಯುತ್ತದೆ ಅಂದೆ. ಮೇಲಿನ ಪ್ಲೇಟನ್ನು ಮಾತ್ರ 10 ಮಿಲಿಮೀಟರಿಗಿಂತ ಇಳಿಸಬೇಡ, ಅದು ಬಾಗಿದರೆ ಅಡಿಗಲ್ಲಿನ ತಳ ಮತ್ತೆ ಗಾಳಿಯಲ್ಲಿ. ಪೈಪು ಪ್ಲೇಟಿಗೆ ಸೇರುವ ಕಡೆ ಮೂಲೆಗೊಂದು ತ್ರಿಕೋನದ ತುಂಡು ಹಾಕು, ಬರೀ ವೆಲ್ಡಿನ ಮೇಲೆ ನಂಬಿಕೆ ಇಡಬೇಡ, ಪೆಟ್ಟಿಗೆ ಅದು ಸೀಳುತ್ತದೆ. ಮೊದಲ ಸ್ಟ್ಯಾಂಡು ಮಾಡಿದ ಮೇಲೆ ಕೊಡುವ ಮುಂಚೆ ಒಂದು ದಿನ ಆ ಕೆಲಸಗಾರನ ಜೊತೆಗೇ ಹೋಗಿ ನಿಂತು ನೋಡು, ಎಲ್ಲಿ ಅದುರುತ್ತದೆ ಅಂತ ಕಾಲಿನ ಮೇಲೆ ಕೈಯಿಟ್ಟು ನೋಡು. ಅವನು ಫೋನ್ ನಂಬರ್ ಕೇಳಿ ಬರೆದುಕೊಂಡ. ಮುಂದಿನ ವಾರ ಭರಮಸಾಗರದ ಕಡೆ ಹೋಗುವಾಗ ಬರುತ್ತೇನೆ ಅಂತ ಹೇಳಿದ್ದಾನೆ.